ಕೈ ಬೆನ್ನ ಹಿಂದೆ

ಜೂನ್ 10, ಮಂಗಳವಾರ

ಇವತ್ತೂ ಕ್ರೀಮ್ ನೀರಾಯಿತು. ಬೇಕರಿಯ ಹಿಂದಿನ ರೂಮಿನ ಫ್ಯಾನ್ ಕೆಟ್ಟು ವಾರವಾಯಿತು. ಓನರ್‌ಗೆ ಚೀಟಿ ಬರೆದು ಬರೆದು ಸಾಕಾಗಿದೆ. ಓದುತ್ತಾನೆ, ತಲೆಯಾಡಿಸುತ್ತಾನೆ, ಹೋಗುತ್ತಾನೆ. ಕಿವಿ ಕೇಳಿಸದಿರುವುದು ನನಗೋ ಅವನಿಗೋ...

ಒಂದು ಕೇಕಿನ ಹೆಸರು ಎಷ್ಟು ಉದ್ದವಿತ್ತೆಂದರೆ ಕೊನೆಯ ಅಕ್ಷರ ಅಂಚಿನಿಂದ ಕೆಳಗಿಳಿಯಿತು. ಮಗುವಿಗೆ ಹೆಸರಿಡುವಾಗ ಸ್ವಲ್ಪ ಕೇಕಿನ ಸೈಜೂ ನೋಡಬಾರದೇ ಈ ಜನ.

ಸ್ಕೂಲ್ ಬಿಟ್ಟಮೇಲೆ ಪಿಟೀಲು ನನ್ನ ಜೊತೆ ಬೇಕರಿಗೇ ಬಂದ. ನನ್ನ ಮಗ, ಆರು ವರ್ಷ, ಈ ವರ್ಷ ಒಂದನೇ ಕ್ಲಾಸು. ಹುಟ್ಟಿದಾಗ ಹಗಲು ರಾತ್ರಿ ಒಂದೇ ಸಮ ಕುಯ್ಯುತ್ತಿದ್ದನಂತೆ, ಅದಕ್ಕೆ ಅತ್ತೆ ಇಟ್ಟ ಹೆಸರು ಅದು. ಆ ಸಂಗೀತ ಕೇಳುವ ಭಾಗ್ಯ ನನಗಿರಲಿಲ್ಲ. ಎಂಟನೇ ವಯಸ್ಸಿನಲ್ಲಿ ಬಂದ ಜ್ವರ ಕಿವಿ ತೆಗೆದುಕೊಂಡು ಹೋಯಿತು. ಅವನ ಕಾಲಿಗೂ ನನ್ನ ಕೈಗೂ ದಾರ ಕಟ್ಟಿಕೊಂಡು ಮಲಗುತ್ತಿದ್ದೆ. ಒದ್ದರೆ ಎಚ್ಚರ.

ಮೈದಾ ಡಬ್ಬದ ಮೇಲೆ ಕೂತು ಎಲ್ಲ ಕೇಕಿನ ಹೆಸರೂ ಓದಿದ. ಅಕ್ಷರ ಕಲಿತದ್ದೇ ಹೀಗೆ — ಉಳಿದ ಕ್ರೀಮಿನಲ್ಲಿ ಸ್ಟೀಲ್ ತಟ್ಟೆ ಮೇಲೆ ಬರೆಯುತ್ತಿದ್ದೆ. ಸರಿಯಾಗಿ ಓದಿದರೆ ನೆಕ್ಕಬಹುದು. ಅಕ್ಷರಮಾಲೆ ಪೂರ್ತಿ ಹೊಟ್ಟೆಗೆ ಹೋಯಿತು. ಒತ್ತಕ್ಷರ ಮುಗಿಯುವ ಹೊತ್ತಿಗೆ ಎರಡು ಹಲ್ಲು ಹುಳುಕು.

ಹೊಸ ಮಿಸ್‌ಗೆ ಹೊಸ ಸನ್ನೆ ಮಾಡಿದ್ದಾನೆ: ಜಾರುವ ಕನ್ನಡಕವನ್ನು ಒಂದು ಬೆರಳಲ್ಲಿ ಮೇಲೆ ತಳ್ಳುವುದು. ಅಜ್ಜಿ ಎಂದರೆ ಕೆನ್ನೆ ಎಳೆದುಕೊಳ್ಳುವುದು. ಅಮ್ಮ ಎಂದರೆ ಗಾಳಿಯಲ್ಲಿ ಕ್ರೀಮ್ ಕೋನ್ ಹಿಂಡುವುದು. ನಾವಿಬ್ಬರೇ ಮಾಡಿಕೊಂಡ ಭಾಷೆ. ಇವರಿಗೆ ಬರುವುದು ಮೂರೇ ಸನ್ನೆ — ಊಟ, ನಿದ್ದೆ, 'ಆಮೇಲೆ ಹೇಳ್ತೀನಿ'. ಎಂಟು ವರ್ಷದ ಸಂಸಾರದಲ್ಲಿ ಆ 'ಆಮೇಲೆ' ಒಂದು ಸಲವೂ ಬಂದಿಲ್ಲ. ಕೆಟ್ಟವರಲ್ಲ, ಪಾಪ. ಬಸ್ ಡಿಪೋದಲ್ಲಿ ಇಂಜಿನ್ ಬಿಚ್ಚಿ ಜೋಡಿಸಿ ಬರುವಷ್ಟರಲ್ಲಿ ಕೈ ಸೋತಿರುತ್ತದೆ. ಅತ್ತೆಯ ತುಟಿ ಓದಬಲ್ಲೆ, ಆದರೆ ಅತ್ತೆ ಹೇಳುವುದೆಲ್ಲ ಕೆಲಸದ ಮಾತು.

ಹರಟೆ ಎಂದು ಹೊಡೆಯುವುದು ಪಿಟೀಲು ಒಬ್ಬನ ಜೊತೆ. ಯಾರೋ ಬಾಗಿಲು ಬಡಿದರು, ಅಜ್ಜಿ ಗೊರಕೆ, ಪಕ್ಕದ ಮನೆಯಲ್ಲಿ ಜಗಳ — ಎಲ್ಲ ಓಡಿ ಬಂದು ಹೇಳುತ್ತಾನೆ. ಜಗಳವನ್ನಂತೂ ಎರಡೂ ಕಡೆ ಆ್ಯಕ್ಟ್ ಮಾಡಿ ತೋರಿಸುತ್ತಾನೆ.

ಜೂನ್ 27, ಶುಕ್ರವಾರ

ಮಿಸ್ ಕರೆಸಿದ್ದರು. ಅತ್ತೆಯನ್ನು ಜೊತೆಗೆ ಕರೆದುಕೊಂಡು ಹೋದೆ. ಮಿಸ್ ಬೋರ್ಡ್ ಒರೆಸುತ್ತ ಆ ಕಡೆ ತಿರುಗಿ ಮಾತಾಡುತ್ತಾರೆ. ಬೆನ್ನಿನ ತುಟಿ ಓದುವುದು ನಾನಿನ್ನೂ ಕಲಿತಿಲ್ಲ. ಅತ್ತೆ ನನ್ನ ಕಡೆ ತಿರುಗಿ ಒಂದೊಂದೇ ಹೇಳಿದರು.

"ಕ್ಲಾಸಲ್ಲಿ ಬಾಯೇ ಬಿಡಲ್ವಂತೆ ಕಣೇ. ಏನ್ ಕೇಳಿದ್ರೂ ಕೈ ಆಡಿಸ್ತಾನಂತೆ. ಬೇರೆ ಮಕ್ಕಳೂ ಅದನ್ನೇ ಕಲೀತಿದಾವಂತೆ."

ಆಗ ಹಿಂದಿನ ಬೆಂಚಿನಲ್ಲಿ ಒಬ್ಬಳು ಬೆರಳಲ್ಲಿ ಇಲ್ಲದ ಕನ್ನಡಕ ಮೇಲೆ ತಳ್ಳಿದಳು. ನಗು ತಡೆಯುವುದಕ್ಕೆ ತುಟಿ ಕಚ್ಚಿಕೊಂಡೆ.

ನಗು ಹೆಚ್ಚು ಹೊತ್ತು ಇರಲಿಲ್ಲ. ಹೀಗೇ ಆದರೆ ಮುಂದಿನ ವರ್ಷವೂ ಇದೇ ಕ್ಲಾಸಿನಲ್ಲಿ ಕೂರಿಸಬೇಕಾಗುತ್ತದಂತೆ. ಓದುತ್ತಾನೆ, ಬರೆಯುತ್ತಾನೆ, ಲೆಕ್ಕ ಎಲ್ಲರಿಗಿಂತ ಮುಂದೆ. ಬಾಯಿ ಮಾತ್ರ... ಕೊನೆಗೆ ಮಿಸ್ ನನ್ನ ಕಡೆಗೇ ತಿರುಗಿ, ನೋಟ್‌ಬುಕ್ಕಿನ ಹಾಳೆಯಲ್ಲಿ ಬರೆದು ಕೊಟ್ಟರು: 'ಆಗಸ್ಟ್‌ನಲ್ಲಿ ಪದ್ಯ ಹೇಳುವ ಸ್ಪರ್ಧೆ ಇದೆ. ಸೇರಿಸೋಣ. ನೀವು ಮನೆಯಲ್ಲಿ ಅಭ್ಯಾಸ ಮಾಡಿಸಿ. ಕೈ ಆಡಿಸಿದರೆ ಮಾರ್ಕ್ಸ್ ಕಳೆಯುತ್ತಾರೆ, ಅದೊಂದು ನೋಡಿಕೊಳ್ಳಿ.'

ಒಳ್ಳೆಯವರೇ. ಕೋಪ ಮಾಡಿಕೊಳ್ಳೋಣವೆಂದರೆ ಎಲ್ಲಿ ಹಿಡಿದುಕೊಳ್ಳಬೇಕು ಎಂದೇ ಗೊತ್ತಾಗಲಿಲ್ಲ.

ಜುಲೈ 6, ಭಾನುವಾರ

ಪದ್ಯ ಬಂತು. ಸಕ್ಕರೆ ಕಾಳು ಹೊತ್ತು ಗೋಡೆ ಹತ್ತುವ ಇರುವೆ. ಬೀಳುತ್ತದೆ, ಮತ್ತೆ ಹತ್ತುತ್ತದೆ. ಹದಿನಾರು ಸಾಲು.

ನನಗೆ ಮೊದಲು ಕೈಯಲ್ಲೇ ಹೇಳಿದ. ಎರಡು ಬೆರಳು ಇರುವೆಯಾಗಿ ನನ್ನ ಮುಂಗೈಯಿಂದ ಹೊರಟು ಮೊಣಕೈ ದಾಟಿ, ಜಾರಿ ಬಿದ್ದು, ಮತ್ತೆ ಹತ್ತಿ... ಕಂಕುಳಿಗೆ ಬಂದು ಕಚಗುಳಿ. ಪದ್ಯದಲ್ಲಿ ಕಂಕುಳು ಇಲ್ಲ, ಕಳ್ಳ ತಾನೇ ಸೇರಿಸಿದ್ದು. ಬಿದ್ದು ಬಿದ್ದು ನಕ್ಕೆವು. ಅತ್ತೆ ಅಡುಗೆಮನೆಯಿಂದ ಇಣುಕಿ, "ಇದೇನ್ರೇ ಅಭ್ಯಾಸ? ಹೀಗಾದ್ರೆ ಪ್ರೈಜ್ ಬಂದ ಹಾಗೇ!" ಎಂದರು.

ಸರಿ, ಕೆಲಸ ಹಂಚಿಕೊಂಡೆವು. ಮಾತು ಅತ್ತೆ ಕೇಳುವುದು. ಕೈ ನಾನು ನೋಡುವುದು.

ಜುಲೈ 9, ಬುಧವಾರ

ಕೈ ನಿಲ್ಲುವುದಿಲ್ಲ. 'ಇರುವೆ' ಎಂದರೆ ಬೆರಳು ನಡೆಯುತ್ತದೆ, 'ಗೋಡೆ' ಎಂದರೆ ಅಂಗೈ ಎದ್ದು ನಿಲ್ಲುತ್ತದೆ. ಕೈ ಕಟ್ಟಿಕೊಂಡರೆ ಭುಜ ಕುಣಿಯುತ್ತದೆ.

ಉಪಾಯ ಹೊಳೆಯಿತು. ಎರಡು ಮುಷ್ಟಿಯಲ್ಲೂ ಒಂದೊಂದು ಗೋಲಿ. ಕೈ ಬೆನ್ನ ಹಿಂದೆ. ಗೋಲಿ ಬಿದ್ದರೆ ಮೊದಲಿನಿಂದ. ಬಿದ್ದ ಸದ್ದು ನನಗೆ ಕೇಳಿಸದಿದ್ದರೇನು, ಉರುಳುವುದು ಕಾಣುತ್ತದಲ್ಲ.

ಇವತ್ತು ಪೂರ್ತಿ ಮಂಚದ ಕೆಳಗೇ ಇದ್ದೆ, ಗೋಲಿ ಹುಡುಕುತ್ತ. ಇವರು ಫೋನಿನಲ್ಲಿ ಟೈಪ್ ಮಾಡಿ ತೋರಿಸಿದರು: 'ನಿನ್ ತಲೆ ಇಂಜಿನಿಯರ್ ತಲೆ ಕಣೇ.' ಉಬ್ಬಿಹೋದೆ.

ಜುಲೈ 24, ಗುರುವಾರ

ಮೂಗಿನ ಮೇಲೆ ಗೀರು, ಶರ್ಟಿನ ಗುಂಡಿ ಇಲ್ಲ. ಎಷ್ಟು ಕೇಳಿದರೂ ಹೇಳಲಿಲ್ಲ. ಸ್ನಾನ ಮಾಡಿಸುವಾಗ ಸೋಪಿನ ಕೈಯಲ್ಲೇ ಹೇಳಿದ: "ನನ್ನನ್ನ ಮೂಗಿ ಮಗ ಅಂದ್ರು. ನೀನು ಮೂಗೀನಾ?"

ಇಲ್ಲ ಕಂದ, ನನಗೆ ಮಾತು ಬರುತ್ತದೆ ಎಂದೆ, ಬಾಯಲ್ಲೇ. ನನ್ನ ಧ್ವನಿ ಹೇಗಿದೆಯೋ ನನಗೆ ಗೊತ್ತಿಲ್ಲ. ಅಂಗಡಿಯವರ ಮುಖ ನೋಡಿದರೆ ಚೆನ್ನಾಗಿಲ್ಲ ಎಂದು ಗೊತ್ತಾಗುತ್ತದೆ, ಹಾಗಾಗಿ ಸ್ಕೂಲ್ ಗೇಟಿನಲ್ಲಿ ಇವನನ್ನು ಕರೆಯುವುದೊಂದು ಬಿಟ್ಟರೆ ಹೊರಗೆ ಬಾಯಿ ಬಿಡುವುದಿಲ್ಲ. ಪಿಟೀಲು ಮುಖ ಮಾತ್ರ ಯಾವತ್ತೂ ಸಿಂಡರಿಸಿಲ್ಲ. ಇವತ್ತೂ ಇಲ್ಲ. ನನ್ನ ಮೂಗಿಗೆ ನೊರೆ ಹಚ್ಚಿದ.

ಅವನು ಆ ಸ್ಟೇಜಿನ ಮೇಲೆ ನಿಂತು ಗಂಟಲು ಹರಿಯುವ ಹಾಗೆ ಪದ್ಯ ಹೇಳಬೇಕು. ಹೇಳಿಸುತ್ತೇನೆ. ನೋಡಲಿ ಎಲ್ಲರೂ.

ಆಗಸ್ಟ್ 8, ಶುಕ್ರವಾರ

ಬೀಳಲಿಲ್ಲ! ಹದಿನಾರು ಸಾಲು, ಒಂದು ಗೋಲಿಯೂ ಬೀಳಲಿಲ್ಲ!

ನಮ್ಮ ಚಪ್ಪಾಳೆ ಹೊಡೆದೆ — ಎರಡು ಕೈ ಮೇಲೆತ್ತಿ ಗಲಗಲ ಅಲ್ಲಾಡಿಸುವುದು. ಅವನೂ ಅಲ್ಲಾಡಿಸಿದ. ಆಗ ಬಿದ್ದವು ಗೋಲಿ.

ಪದ್ಯ ನನಗೂ ಬಾಯಿಪಾಠ. ಯಾವ ಸಾಲಿಗೆ ತುಟಿ ಹೇಗೆ ಎಂದು ಕಣ್ಣಲ್ಲಿ ಕಣ್ಣಿಟ್ಟು ಕಲಿತಿದ್ದೇನೆ. ಸ್ಟೇಜ್ ಎಷ್ಟು ದೂರವಿದ್ದರೂ ಸರಿ. ಎಲ್ಲರೂ ಕಿವಿಯಲ್ಲಿ ಕೇಳಲಿ, ನಾನು ತುಟಿಯಲ್ಲಿ ಕೇಳುತ್ತೇನೆ.

ಆಗಸ್ಟ್ 16, ಶನಿವಾರ

ಫಸ್ಟ್ ಪ್ರೈಜ್.

ಮೊದಲು ಇದು ಬರೆದುಬಿಡಬೇಕು. ಫಸ್ಟ್ ಪ್ರೈಜ್, ಐದು ಸ್ಕೂಲಿನ ಮಕ್ಕಳಲ್ಲಿ.

ಮೈಕ್ ಇರುತ್ತದೆ ಎಂದು ನನಗೆ ಹೊಳೆದೇ ಇರಲಿಲ್ಲ. ಅವನ ಹೈಟಿಗೆ ಇಳಿಸಿ ಬಾಯಿಗೆ ಸರಿಯಾಗಿ ಇಟ್ಟರು. ಕರಿ ಉಂಡೆ. ತುಟಿ ಪೂರ್ತಿ ಮುಚ್ಚಿಹೋಯಿತು. ಕೈ ಬೆನ್ನ ಹಿಂದೆ.

ಕಣ್ಣು ಕಾಣುತ್ತಿತ್ತು. ಹುಬ್ಬು. ಬಲಗಾಲಿನ ಶೂ ನೆಲ ಕೆರೆಯುತ್ತಿತ್ತು. ಎಲ್ಲಿದ್ದಾನೆ — ಇರುವೆ ಹತ್ತುತ್ತಿದೆಯೋ, ಬಿತ್ತೋ? ಪಕ್ಕದವರೆಲ್ಲ ಒಟ್ಟಿಗೆ ನಕ್ಕರು. ಯಾವ ಸಾಲಿಗೆ? ಅತ್ತೆ ಕಣ್ಣೊರೆಸಿಕೊಂಡರು. ಮೊಣಕೈಯಲ್ಲಿ ತಿವಿದು ಕೇಳಿದೆ, ಅತ್ತೆ ಕೈ ತೋರಿಸಿ 'ಇರು' ಎಂದರು. ಅವನು ಹುಟ್ಟಿದ ಮೇಲೆ ಅವನು ಹೇಳಿದ್ದು ನನಗೆ ತಿಳಿಯದೇ ಹೋದದ್ದು ಇವತ್ತೇ ಮೊದಲು. ಹಾಲ್ ತುಂಬ ಜನಕ್ಕೆ ಗೊತ್ತಾಯಿತು. ನನಗೊಬ್ಬಳಿಗೆ ಇಲ್ಲ.

ಎಲ್ಲರೂ ಚಪ್ಪಾಳೆ ತಟ್ಟಿದಾಗ ಮುಗಿಯಿತೆಂದು ತಿಳಿಯಿತು. ಎದ್ದು ನಿಂತೆ. ಎರಡು ಕೈ ಎತ್ತಿ ಗಲಗಲ ಅಲ್ಲಾಡಿಸಿದೆ. ಅವನು ನೋಡಿದ. ಮುಂದಿನ ಸಾಲಿನ ಹುಡುಗರು ನನ್ನ ಕಡೆ ತಿರುಗಿ ಕೈ ಅಲ್ಲಾಡಿಸಿ ನಕ್ಕರು. ಅದನ್ನೂ ನೋಡಿದ. ತಲೆ ತಗ್ಗಿಸಿ ಶೂ ನೋಡಿಕೊಂಡ.

ಕೈ ಬೆನ್ನ ಹಿಂದೆಯೇ ಇತ್ತು.

ಆಗಸ್ಟ್ 17

ಕಪ್ ಟಿವಿ ಮೇಲಿದೆ. ಅತ್ತೆ ಬೀದಿಗೆಲ್ಲ ತೋರಿಸಿ ಬಂದರು. ಇವರು ಡಿಪೋದವರಿಗೆಲ್ಲ ಫೋಟೋ ಕಳಿಸಿದರು. ಅವನ ಹೆಸರು ಬರೆದು ಒಂದು ಕೇಕ್ ಮಾಡಿದೆ. ತಿಂದ. ಓದಲಿಲ್ಲ.

ಕುಣಿದಾಡಬೇಕು ನಾನು. ಕೇಕಿನ ತಟ್ಟೆ ತೊಳೆದಿಟ್ಟು ಬಂದೆ.

ಸೆಪ್ಟೆಂಬರ್ 5, ಶುಕ್ರವಾರ

ರಿಪೋರ್ಟ್ ಕಾರ್ಡ್ ಬಂತು. ಎಲ್ಲದರಲ್ಲೂ ಎ. ಕೆಳಗೆ ಮಿಸ್ ಬರೆದಿದ್ದಾರೆ: 'ಈಗ ಬಾಯಿ ಮುಚ್ಚಿಸುವುದೇ ಕಷ್ಟ!' ಪಕ್ಕದಲ್ಲಿ ನಗುವ ಮುಖ ಬೇರೆ.

ನಿಜ. ಮನೆಗೆ ಬಂದರೆ ಅಜ್ಜಿಯ ಹಿಂದೆಯೇ. ಬಾಯಿಗೆ ಬಿಡುವಿಲ್ಲ. ಇವತ್ತು ಏನೋ ಹೇಳಿದ, ಅತ್ತೆ ಸೆರಗು ಬಾಯಿಗೆ ಹಿಡಿದು ನಕ್ಕರು, ಇವರು ತಟ್ಟೆ ಕೆಳಗಿಟ್ಟು ನಕ್ಕರು. ಮಾತು ಮುಖದಿಂದ ಮುಖಕ್ಕೆ ಹಾರುತ್ತಿತ್ತು, ನನ್ನ ಕಣ್ಣು ಹಿಂದೆಯೇ ಓಡಿ ಸುಸ್ತಾಯಿತು. ಅವನ ಮಂಡಿ ತಟ್ಟಿದೆ. ಏನೋ? ನನಗೂ ಹೇಳೋ?

ಅವನು ಒಂದು ಕೈ ಎತ್ತಿದ. 'ಆಮೇಲೆ ಹೇಳ್ತೀನಿ.'

ಅವರಪ್ಪನ ಸನ್ನೆ. ಅದೇ ಥರ, ಮುಖ ಆ ಕಡೆ ಇಟ್ಟುಕೊಂಡೇ.

ಪಾತ್ರೆ ತೊಳೆಯುವ ನೆಪದಲ್ಲಿ ಎದ್ದು ಹೋದೆ. ಅತ್ತುಬಿಟ್ಟೆ. ಅಳುವಾಗ ನನ್ನಿಂದ ಸದ್ದು ಬರುತ್ತದೋ ಏನೋ ನನಗೆ ಗೊತ್ತಾಗುವುದಿಲ್ಲ, ಅದಕ್ಕೆ ನಲ್ಲಿ ಪೂರ್ತಿ ತಿರುಗಿಸಿಟ್ಟೆ.

ಸೆಪ್ಟೆಂಬರ್ 19, ಶುಕ್ರವಾರ

ಅತ್ತೆ ಹೇಳುವುದೋ ಬೇಡವೋ ಎಂದು ಬೆಳಿಗ್ಗೆಯಿಂದ ಸುತ್ತುತ್ತಿದ್ದರು. ಕೊನೆಗೆ ನನ್ನ ಗಲ್ಲ ಹಿಡಿದು ತಮ್ಮ ಕಡೆ ತಿರುಗಿಸಿಕೊಂಡರು.

"ಸೋಮವಾರದಿಂದ ಸ್ಕೂಲ್ ಹತ್ರ ನಾನೇ ಹೋಗ್ತೀನಿ ಬಿಡು. ನಿಂಗೂ ಬಿಸಿಲು."

"ಅವನು ಹೇಳಿದ್ನಾ?" ಎಂದೆ.

"ಮಗು ಕಣೇ. ನೀನು ಗೇಟಲ್ಲಿ ಕೂಗ್ತೀಯಲ್ಲ... ಹುಡುಗ್ರು ಅದೇ ಥರ ಕೂಗಿ ಆಡ್ಕೊಳ್ತಾರಂತೆ. ದೊಡ್ಡವನಾದ್ರೆ ಸರಿಹೋಗ್ತಾನೆ. ಮನಸ್ಸಿಗೆ ಹಚ್ಕೋಬೇಡ."

ಮನಸ್ಸಿಗಲ್ಲದೆ ಇನ್ನೆಲ್ಲಿಗೆ ಹಚ್ಚಿಕೊಳ್ಳಲಿ.

ಅವನ ಮೇಲೆ ಕೋಪ ಬರಲೆಂದು ಕಾದೆ. ಬರಲಿಲ್ಲ. ಗೋಲಿ ಕೊಟ್ಟವಳು ನಾನು. ಒಂದು ಸಲ ಬಿದ್ದರೂ ಬಿಡಲಿಲ್ಲ, ಮೊದಲಿನಿಂದ, ಮೊದಲಿನಿಂದ ಎಂದು ನಿಲ್ಲಿಸಿದೆ. ಮಗು ಎಷ್ಟು ಚೆನ್ನಾಗಿ ಕಲಿಯಿತು.

ಸೆಪ್ಟೆಂಬರ್ 25

ಫ್ಯಾನ್ ರಿಪೇರಿಯಾಯಿತು. ಮೈದಾ ಡಬ್ಬದ ಮೇಲೆ ಓನರ್ ಬಿಲ್ ಪುಸ್ತಕ ಇಟ್ಟಿದ್ದಾನೆ. ಯಾರೂ ಕೂರುವುದಿಲ್ಲವಲ್ಲ ಎಂದು ಬರೆದು ತೋರಿಸಿದ.

ಅಕ್ಟೋಬರ್ 4, ಶನಿವಾರ. ಮಧ್ಯಾಹ್ನ

ಅತ್ತೆ ಮಲಗಿದ್ದರು. ಇವರು ಡಿಪೋಗೆ. ನಾವಿಬ್ಬರೇ. ಅವನು ಬಣ್ಣ ಹಾಕುತ್ತ ಕೂತಿದ್ದ. ಪಕ್ಕದಲ್ಲಿ ಕೂತು ಎರಡು ಬೆರಳನ್ನು ಅವನ ಮುಂಗೈಯಿಂದ ಮೇಲೆ ನಡೆಸಿದೆ. ಇರುವೆ. ಮೊಣಕೈ ದಾಟುವಷ್ಟರಲ್ಲಿ ಕೈ ಎಳೆದುಕೊಂಡ. ಆಮೇಲೆ ನನ್ನ ಮುಖ ನೋಡಿ ಪಾಪ ಅನ್ನಿಸಿರಬೇಕು. ಬಣ್ಣದ ಕಡ್ಡಿ ಕೆಳಗಿಟ್ಟ.

"ಆ ಪದ್ಯ ಹೇಳೋ," ಎಂದೆ. "ಸ್ಟೇಜಿನ ಮೇಲೆ ಹೇಳಿದ್ದು ನಾನು ಕೇಳಲೇ ಇಲ್ಲವಲ್ಲ."

ಖುಷಿಯಾಗಿ ಎದ್ದ. ಬೀರುವಿನ ಮುಂದೆ ಹೋಗಿ ನಿಂತ. ಕೈ ಎರಡೂ ಬೆನ್ನ ಹಿಂದೆ.

"ಹಾಗಲ್ಲ ಪುಟ್ಟ. ಕೈಯಲ್ಲಿ ಹೇಳು. ನಮ್ಮ ಥರ."

"ಕೈ ಆಡಿಸಿದ್ರೆ ಮಾರ್ಕ್ಸ್ ಹೋಗುತ್ತೆ ಅಮ್ಮಾ," ಎಂದ. ಬಾಯಲ್ಲಿ.

ಶುರು ಮಾಡಿದ. ನಿಧಾನವಾಗಿ, ಒಂದೊಂದೇ ಪದ. ನನಗೆ ತಿಳಿಯಲೆಂದು ಬಾಯಿ ದೊಡ್ಡದು ಮಾಡಿ, ಹುಬ್ಬು ಮೇಲೆತ್ತಿ, ಹಲ್ಲೆಲ್ಲ ಕಾಣುವ ಹಾಗೆ. ಅಂಗಡಿಯವರು, ಬಸ್ಸಿನವರು, ಗುರುತಿಲ್ಲದವರು ನನ್ನ ಜೊತೆ ಮಾತಾಡುತ್ತಾರಲ್ಲ, ಹಾಗೆ. ನನ್ನ ಹೊಟ್ಟೆಯಲ್ಲಿ ಹುಟ್ಟಿದ್ದು, ನನ್ನ ಜೊತೆ ಹಾಗೆ ಮಾತಾಡಿತು. ಪ್ರೀತಿಯಿಂದಲೇ. ಅದೇ ತಡೆದುಕೊಳ್ಳಲಾಗಲಿಲ್ಲ.

ಎಲ್ಲ ಸಾಲೂ ತಿಳಿಯಿತು. ಹತ್ತಿತು, ಬಿತ್ತು, ಮತ್ತೆ ಹತ್ತಿತು. ಹಿಂದೆ ಬೀರುವಿನ ಕನ್ನಡಿಯಲ್ಲಿ ಅವನ ಬೆನ್ನು ಕಾಣುತ್ತಿತ್ತು. ಎರಡೂ ಮುಷ್ಟಿ ಬಿಗಿಯಾಗಿತ್ತು. ಗೋಲಿ ಕೊಟ್ಟಿರಲಿಲ್ಲ ನಾನು. ಆದರೂ ಬೀಳದ ಹಾಗೆ ಹಿಡಿದುಕೊಂಡಿದ್ದ.

ಮುಗಿಯಿತು. ನನ್ನ ಕೈ ತಾವಾಗಿಯೇ ಮೇಲೇಳಲು ಹೋದವು, ತಡೆದೆ. ಎಲ್ಲರ ಹಾಗೆ ಚಪ್ಪಾಳೆ ತಟ್ಟಿದೆ. ಅವನ ಮುಖ ಅರಳಿತು.

"ಇನ್ನೂ ಜೋರಾಗಿ ಅಮ್ಮಾ!"

ತಟ್ಟಿದೆ. ಅಂಗೈ ಉರಿಯುವವರೆಗೆ ತಟ್ಟಿದೆ. ಜೋರಾಯಿತೋ ಇಲ್ಲವೋ ನನಗೆ ಹೇಗೆ ಗೊತ್ತಾಗಬೇಕು. ಅದನ್ನೆಲ್ಲ ಕೇಳಿ ನನಗೆ ಓಡಿ ಬಂದು ಹೇಳುತ್ತಿದ್ದವನು ಅವನೊಬ್ಬನೇ.