ನಾಲ್ಕನೇ ಅಂಗಡಿಗೆ ನಿಮ್ಮ ಒಪ್ಪಿಗೆ

ನೆರೆದಿರುವ ಮಹಾಜನರೇ! ಮುಂದಿನ ಬೆಂಚಿನ ಹಿರಿಯರೇ, ಹಿಂದೆ ಚಾಪೆಯ ಮೇಲೆ ಕುಳಿತ ತಾಯಂದಿರೇ, ಸದ್ದು ಮಾಡದೆ ಕೇಳಿ! ಇಗೋ, ಊರೂರಿಗೆ ಬಟ್ಟೆಯಂಗಡಿ ತೆರೆದ ಶೂರ ನಿಮ್ಮ ಮುಂದೆ ನಿಂತಿದ್ದಾನೆ. ಅವನ ಕೈಯಲ್ಲಿರುವುದು ಕತ್ತಿಯಲ್ಲ, ಬರೀ ಪೆನ್ನು!

ಧನಿಗಳೇ, ಸಭೆಯೆಂದು ಕರೆದೆ, ಕೇಳುವವರು ನೀವೊಬ್ಬರೇ. ಕೂಗದಿದ್ದರೆ ನನಗೆ ಧೈರ್ಯ ಬರುವುದಿಲ್ಲ, ನಿಮಗೆ ಗೊತ್ತಲ್ಲ. ನೀವು ತೀರಿಕೊಂಡು ಎಂಟು ತಿಂಗಳಾಯಿತು. ನಾಳೆ ನಮ್ಮ ನಾಲ್ಕನೇ ಅಂಗಡಿ ತೆರೆಯುತ್ತದೆ. ಎಲ್ಲಿ ಎನ್ನುತ್ತೀರಾ? ಗುರುವಾಯನಕೆರೆಯಲ್ಲಿ. ಹೌದು, ನೀವು ಬೇಡವೆಂದ ಅದೇ ಜಾಗದಲ್ಲಿ.

ನಮ್ಮ ನಾಟಕ ಕಂಪೆನಿ ಬಂಟ್ವಾಳದಲ್ಲಿ ಮುರಿದುಬಿದ್ದ ದಿನ ನೀವು ಡೇರೆಗೆ ಬಂದದ್ದು ನೆನಪಾಗುತ್ತದೆ. ನಾನು ರಾಜನ ಕಿರೀಟವನ್ನು ಪೆಟ್ಟಿಗೆಗೆ ತುಂಬುತ್ತಿದ್ದೆ. "ನಿನ್ನ ಸ್ವರ ಹೊಳೆಯ ಆಚೆ ದಡಕ್ಕೂ ಕೇಳ್ತದೆ ಮಾರಾಯ. ನನ್ನ ಅಂಗಡಿಗೆ ಬಾ. ಸೀರೆ ಬಿಡಿಸಿ ತೋರಿಸು. ಆದರೆ ಗಿರಾಕಿಯ ಎದುರು ಎದೆ ಬಡ್ಕೊಂಡು ಅಳ್ಬೇಡ" ಎಂದಿರಿ. ಬಂದೆ. ಎರಡು ವರ್ಷ ಕಳೆಯುವಷ್ಟರಲ್ಲಿ, ಬೆಳ್ತಂಗಡಿಯಲ್ಲೊಂದು ಅಂಗಡಿಗೆ ಜಾಗ ನೋಡು ಎಂದು ನನ್ನನ್ನೇ ಕಳಿಸಿದಿರಿ. ಅಲ್ಲಿಂದ ಅದೇ ನನ್ನ ಉದ್ಯೋಗವಾಯಿತು.

ಬೆಳ್ತಂಗಡಿಯ ಸಂತೆಯ ದಿನ ಬಸ್ಸು ನಿಲ್ಲುವಲ್ಲಿ ನಾವಿಬ್ಬರೂ ಕೊಡೆ ಹಿಡಿದು ಸಂಜೆಯವರೆಗೆ ಕುಳಿತಿದ್ದೆವು. "ಗಂಡಸರನ್ನು ನೋಡ್ಬೇಡ, ಅವರು ಸೀದಾ ಹೋಟೆಲಿಗೆ. ಹೆಂಗಸರು ಇಳಿದು ಎತ್ತ ತಿರುಗ್ತಾರೆ, ಅದನ್ನು ನೋಡು." ಅವರು ತಿರುಗಿದ ಕಡೆಯೇ ಅಂಗಡಿ ಇಟ್ಟೆವು, ಗೆದ್ದೆವು. ಮೂಡುಬಿದಿರೆಯಲ್ಲಿ ಮಾತ್ರ ನಾನೊಬ್ಬನೇ ಜಾಗ ಆರಿಸಿ... ಹೆಂಗಸರು ಮೆಟ್ಟಿಲವರೆಗೆ ಬರುವುದು, ಹಿಂದಿರುಗುವುದು. ನೀವು ಬಂದು ಒಮ್ಮೆ ಹೊಸ್ತಿಲಲ್ಲಿ ನಿಂತಿರಿ, ಅಷ್ಟೇ. "ಎದುರಿನ ಹೋಟೆಲಿನ ಬೆಂಚು ಕಾಣ್ತದಾ? ಚಾ ಕುಡಿಯುವ ಅಷ್ಟು ಗಂಡಸರ ಎದುರು ಯಾವ ಹೆಂಗಸು ರವಕೆ ಕಣ ಆರಿಸ್ತಾಳೆ, ಹೇಳು ಮಹಾರಾಜ?" ಮರುದಿನವೇ ಜಗಲಿಗೆ ನಮ್ಮ ಕಂಪೆನಿಯ ಹಳೆಯ ಅರಮನೆಯ ಪರದೆ ಕಟ್ಟಿದೆ. ಅಂಗಡಿ ತುಂಬಿತು. "ಇದು ಬಟ್ಟೆಯಂಗಡಿಯಾ, ಅಂತಃಪುರವಾ?" ಎಂದು ನೀವು ನಕ್ಕದ್ದು ಇಡೀ ಪೇಟೆಗೆ ಕೇಳಿತ್ತು.

ಆಸ್ಪತ್ರೆಯ ಮಂಚದಲ್ಲಿ ನೀವು ನಗಲಿಲ್ಲ. ನಾನು ಗುರುವಾಯನಕೆರೆಯ ಮಾತೆತ್ತಿದೆ. ಮೂಡುಬಿದಿರೆಯಿಂದ ಬಂದವರು ಬೆಳ್ತಂಗಡಿಯ ಬಸ್ಸಿಗೆ ಗಂಟೆಗಟ್ಟಲೆ ಕಾಯುತ್ತಾರೆ ಎಂದೆ. "ಬೇಡ" ಎಂದಿರಿ. "ಅದು ಬಸ್ಸು ಬದಲಿಸುವ ಜಾಗ. ಕಿವಿ ಹಾರ್ನಿನ ಕಡೆಗೆ ಇದ್ದವರು ಸೀರೆ ಕೊಳ್ಳುವುದಿಲ್ಲ." ಇಷ್ಟು ಸ್ಪಷ್ಟವಾಗಿ ಹೇಳಿದ್ದಿರಿ. ಕೇಳಿದವನು ನಾನೊಬ್ಬನೇ.

ನಿಮ್ಮ ನಂತರ ಬಂಟ್ವಾಳದ ಅಂಗಡಿಯಲ್ಲಿ ನಿಮ್ಮ ಮಡದಿ, ನಮ್ಮೆಲ್ಲರ ಅಮ್ಮ, ಕೂರುತ್ತಾರೆ. ಒಂದು ಬೆಳಿಗ್ಗೆ ಪಂಚೆ ಮಡಚುತ್ತಾ ಕೇಳಿದರು, "ಗುರುವಾಯನಕೆರೆಗೆ ಅವರು ಎಂತ ಹೇಳಿದ್ರು?" ಬಾಯಿ ತೆರೆದೆ. ಬಂದದ್ದು ನನ್ನ ಸ್ವರವಲ್ಲ, ನಿಮ್ಮದು! ಮಾತಿಗೆ ಮುಂಚಿನ ಆ ಸಣ್ಣ ಕೆಮ್ಮು, ಆಮೇಲೆ, "ಆಗ್ಲಿ ಮಾರಾಯ, ಮಾಡುವ." ಅಮ್ಮನ ಕೈ ಪಂಚೆಯ ಮೇಲೆಯೇ ನಿಂತಿತು. "ಇನ್ನೊಮ್ಮೆ ಹೇಳಿ" ಎಂದರು. ಎಷ್ಟು ಊರಿನಲ್ಲಿ ನನಗೆ ವನ್ಸ್ ಮೋರ್ ಬಿದ್ದಿಲ್ಲ, ಧನಿಗಳೇ! ಒಂದಕ್ಕೂ ಹೀಗೆ ಹೆದರಿರಲಿಲ್ಲ. ಆದರೂ ಹೇಳಿದೆ. ಅದೇ ಕೆಮ್ಮು, ಅದೇ ಮಾತು.

"ಹಾಗಾದ್ರೆ ಅಲ್ಲಿ ನಾನೇ ಕೂರ್ತೇನೆ" ಎಂದರು ಅಮ್ಮ ಕಣ್ಣೊರೆಸಿಕೊಂಡು. "ಅವರು ಕೊನೆಗೆ ಹೇಳಿದ ಅಂಗಡಿ ಅಲ್ವಾ?" ಆ ಅಂಗಡಿಯ ಹಿಂದಿನ ಕೋಣೆಯಲ್ಲೇ ಇರುವುದೆಂದು ತೀರ್ಮಾನಿಸಿದ್ದಾರೆ. ಬಂಟ್ವಾಳದ ಮನೆ ಬಿಟ್ಟು!

ಯಾಕೆ ಹೇಳಿದೆ? ಒಂದು ಅಂಗಡಿಯಾದರೂ ನಾನು ಆರಿಸಿದ್ದು, ನಾನು ಗೆಲ್ಲಿಸಿದ್ದು ಎಂದು ಜನ ಹೇಳಲಿ ಎಂಬ ಆಸೆ. ಬೇರೇನೂ ಅಲ್ಲ.

ಇವತ್ತು ಮಧ್ಯಾಹ್ನ ಗುರುವಾಯನಕೆರೆಯಲ್ಲಿ ಕಪಾಟು ಜೋಡಿಸುತ್ತಿದ್ದೆ. ಬಸ್ಸಿಗೆ ಕಾಯುತ್ತಿದ್ದ ಒಬ್ಬ ಹೆಂಗಸು ಒಳಗೆ ಬಂದರು. "ನಾಳೆಯಾ ತೆರೆಯುವುದು? ಆ ನೈಲಾನ್ ಒಮ್ಮೆ ತೋರಿಸಿ ನೋಡುವ." ಬಿಡಿಸಿದೆ, ಅವರು ಹೆಗಲಿಗಿಟ್ಟು ನೋಡಿಕೊಂಡರು. ಅಷ್ಟರಲ್ಲಿ ಹಾರ್ನು! ಹೆಗಲು ಕೊಡವಿ ಓಡಿಯೇ ಹೋದರು. ಸೀರೆ ನೆಲದಲ್ಲಿ. ಒಬ್ಬರು ಓಡಿದರೆ ಅಂಗಡಿ ಮುಳುಗುತ್ತದೆಯೇ? ಗೊತ್ತಿಲ್ಲ. ನಡೆದರೂ ನಡೆಯಬಹುದು. ಆದರೆ ನಡೆಯದೆ ಹೋದ ದಿನ, ಖಾಲಿ ಅಂಗಡಿಯಲ್ಲಿ ಕುಳಿತು ಅಮ್ಮ ನಿಮ್ಮ ಮಾತನ್ನೇ ನಂಬಿಕೊಂಡು... ಅದನ್ನು ನೆನೆಯಲಾರೆ, ಧನಿಗಳೇ.

ಸಂಜೆ ಬಂಟ್ವಾಳಕ್ಕೆ ಬಂದರೆ ಅಮ್ಮ ನಿಮ್ಮ ಫೋಟೋವನ್ನು ಹಳೆಯ ಸೀರೆಯಲ್ಲಿ ಸುತ್ತುತ್ತಿದ್ದರು. "ಎಂತ, ಮುಖ ಬೆಳ್ಳಗಾಗಿದೆ? ಅವರು ಹೇಳಿದ ಮೇಲೆ ಹೆದರಿಕೆ ಯಾಕೆ?" ಎಂದು ನನಗೇ ಧೈರ್ಯ ಹೇಳಿದರು. ತಲೆಯಾಡಿಸಿ ನನ್ನ ಕೋಣೆಗೆ ಬಂದುಬಿಟ್ಟೆ. ಬಂದವನೇ ಇದನ್ನು ಬರೆಯಲು ಕುಳಿತೆ.

ನಾಳೆ ಅವರು ಏಳರ ಬಸ್ಸಿಗೆ ಹೊರಡುತ್ತಾರೆ. ನಾನು ಬೆಳಿಗ್ಗೆ ಆರಕ್ಕೇ ನಿಮ್ಮ ಮನೆಯ ಮೆಟ್ಟಿಲೇರುತ್ತೇನೆ. ಅವರನ್ನು ಕೂರಿಸಿ, ನೀವು ಬೇಡವೆಂದದ್ದನ್ನು ಬೇಡವೆಂದೇ ಹೇಳುತ್ತೇನೆ. ಹೊಸ ಅಂಗಡಿಯ ಬೀಗದ ಕೈಯನ್ನು ಅವರ ಮುಂದೆ ಇಡುತ್ತೇನೆ. ತೆರೆಯುವುದೋ ಬಿಡುವುದೋ, ನನ್ನನ್ನು ಇಟ್ಟುಕೊಳ್ಳುವುದೋ ಕಳಿಸುವುದೋ, ಅವರು ಹೇಳುವವರೆಗೆ ಜಗಲಿಯ ಕೆಳಗೆ ನಿಂತಿರುತ್ತೇನೆ.