ಮನೆ ನಂಬರ್ ಇಲ್ಲದ ಸಾಲು

ಇಸವಿ ೨೩೮೭, ಫೆಬ್ರವರಿ ಮೂವತ್ತು

ನೀಲಾಂಬಿಕೆಯವರಿಗೆ ಪಾಳಿಗಾರ್ತಿ ಚಂದ್ರವ್ವನ ನಮಸ್ಕಾರ. ತಾರೀಖು ಕಂಡು ನಗಬೇಡಿ, ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ನನ್ನ ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮ್ಮ ಕಾಲದ ಕನ್ನಡವನ್ನು ನಾನು ಕಲಿತದ್ದು ನಿಮ್ಮ ಕಚೇರಿಯ ಹಳೆಯ ಟಿಪ್ಪಣಿಗಳಿಂದ. ನೂರಾರು ವರ್ಷ ಹಿಂದಿನ ನಿಮ್ಮನ್ನು ಈ ಕಾಗದ ಮುಟ್ಟುತ್ತದೆಂಬ ನಂಬಿಕೆಯೂ ನನಗಿಲ್ಲ.

ಊರಿನ ನೀರಿನ ಸರದಿ ನೋಡಿಕೊಳ್ಳುವವಳನ್ನು ನಾವು ಪಾಳಿಗಾರ್ತಿ ಎನ್ನುತ್ತೇವೆ. ನೋಡಿಕೊಳ್ಳುವುದೆಂದರೆ ಸುಮ್ಮನೆ ನೋಡುವುದಷ್ಟೇ. ಬೆಳಗಾಗುತ್ತಲೇ ಕಂಪ್ಯೂಟರಿನಲ್ಲಿ ನೀರು ಪಡೆಯುವವರ ಪಟ್ಟಿ ತಾನೇ ತೆರೆದುಕೊಳ್ಳುತ್ತದೆ. ನೀವು ಬರೆದು ಪಟ್ಟಿಗೆ ಜೋಡಿಸಿದ ಪುಟ್ಟ ಪ್ರೋಗ್ರಾಂ, ಆ ಆಡ್-ಇನ್, ಅದನ್ನು ಸೋಸುತ್ತದೆ. ಉಳಿದ ಹೆಸರಿನವರು ನಲ್ಲಿಯ ಬಳಿ ಬೆರಳೊತ್ತಿದರೆ ಮನೆಗೆ ಎರಡು ತಂಬಿಗೆ ನೀರು. ಕುಡಿಯಲಿಕ್ಕೂ ಅದೇ, ಗಂಜಿಗೂ ಅದೇ. ಮುಖವನ್ನು ಬೂದಿಯಲ್ಲಿ ಉಜ್ಜಿಕೊಳ್ಳುತ್ತೇವೆ. ಪರದೆಯ ಮೂಲೆಯಲ್ಲಿ ನಿಮ್ಮ ಹೆಸರು ಇನ್ನೂ ಇದೆ. ಜನ ಅದಕ್ಕೆ ಕೈಮುಗಿಯುತ್ತಾರೆ, ನನಗೆ ಮೈ ಉರಿಯುತ್ತದೆ.

ಆಡ್-ಇನ್ ಮಾಡಲು ನೀವು ಕೂತ ಆ ಗುರುವಾರದ ಟಿಪ್ಪಣಿ ಓದಿದ್ದೇನೆ. ಅದನ್ನು ಮಾಡಲು ನಿಮ್ಮ ಮುಂದೆ ಎರಡು ಸಾಧನಗಳಿದ್ದವು. ಒಂದರಲ್ಲಿ ಮಾಡಿದ್ದರೆ ಊರೂರಿನ ಗುಮಾಸ್ತರು ಆಡ್-ಇನ್ನನ್ನು ತಾವೇ ಹಾಕಿಕೊಳ್ಳಬಹುದಿತ್ತು, ಒಳಗಿನ ಕೋಡ್ ತೆರೆದು ತಿದ್ದಬಹುದಿತ್ತು. ಇನ್ನೊಂದು, ಮುಖ್ಯ ಕಚೇರಿಯಿಂದ ಒಂದೇ ಸಲಕ್ಕೆ ಎಲ್ಲ ಕಂಪ್ಯೂಟರುಗಳಿಗೆ ಕಳಿಸಿ ಬೀಗ ಹಾಕುವಂಥದ್ದು. “ಗುಮಾಸ್ತರು ಕೈಯಾಡಿಸಬಾರದು” ಎಂದು ಬರೆದು ನೀವು ಎರಡನೆಯದನ್ನು ಆರಿಸಿದಿರಿ. ಅವರು ಪಟ್ಟಿಯೊಳಗಿನ ಲೆಕ್ಕದ ಸೂತ್ರಗಳನ್ನು ಅಳಿಸಿಕೊಂಡು ದಿನವಿಡೀ ನಿಮಗೆ ಫೋನ್ ಮಾಡಿ ತಲೆ ತಿನ್ನುತ್ತಿದ್ದರಂತೆ. ನಿಮ್ಮ ಜಾಗದಲ್ಲಿದ್ದರೆ ನಾನೂ ಅದನ್ನೇ ಮಾಡುತ್ತಿದ್ದೆನೇನೋ. ಬೀಗದ ಪಾಸ್‌ವರ್ಡ್ ನಿಮ್ಮೊಂದಿಗೇ ಹೋಯಿತು.

ಪಟ್ಟಿ ಚೊಕ್ಕಟವಾಗಿರಲೆಂದು ನೀವು ಒಂದು ನಿಯಮ ಸೇರಿಸಿದ್ದಿರಿ: ಮನೆ ನಂಬರ್ ಇಲ್ಲದ, ಇಲ್ಲವೇ ರಿಜಿಸ್ಟರಿನಲ್ಲಿ ಸಿಗದ ನಂಬರಿನ ಸಾಲನ್ನು ಅಳಿಸುವುದು, ಒಂದು ನಂಬರಿಗೆ ಒಂದೇ ಹೆಸರು ಇಡುವುದು. ಹೊಸ ನಂಬರ್ ಕೊಡುವ ಕಚೇರಿ ಮುಚ್ಚಿ ನೂರು ವರ್ಷವಾಯಿತು. ನನ್ನ ಮಗಳು ಹೊನ್ನವ್ವ ಹೊಸ ಓಣಿಯಲ್ಲಿ ಮನೆ ಮಾಡಿದ್ದಾಳೆ. ದಿನಾ ಅವಳ ಹೆಸರು ಸೇರಿಸುತ್ತೇನೆ, ದಿನಾ ಅದು ಅಳಿದುಹೋಗುತ್ತದೆ. ಮೊದಲ ದಿನ ಪರದೆಯ ಮುಂದೆ ನಿಂತು ಕೇಳಿದಳು: “ನಾ ಇಲ್ಲೇ ನಿಂತೀನಲ್ಲ ಯವ್ವಾ, ಅದಕ್ಕ ಕಾಣಂಗಿಲ್ಲೇನು?”

ನನ್ನ ಎರಡು ತಂಬಿಗೆಯಲ್ಲಿ ಇಬ್ಬರೂ ಏಳು ತಿಂಗಳು ಕಳೆದೆವು. ಈಗ ಅವಳಿಗೆ ಹೆರಿಗೆಯಾಗಿದೆ. ನೀರಿಲ್ಲದೆ ಎದೆಹಾಲು ಬತ್ತುತ್ತಿದೆ, ಕೂಸು ಅಳುವುದನ್ನೂ ಕಡಿಮೆ ಮಾಡಿದೆ. ನನಗೆ ಹೆದರಿಕೆಯಾಗುತ್ತಿದೆ.

ನೀಲಾಂಬಿಕೆಯವರೇ, ಆ ಗುರುವಾರ ಅವಸರ ಮಾಡಬೇಡಿ. ಗುಮಾಸ್ತರು ಕೆಡಿಸಲಿ, ಫೋನ್ ಮಾಡಲಿ, ನಿಮ್ಮ ಊಟ ತಣ್ಣಗಾಗಲಿ. ಅವರು ಕೈಯಾಡಿಸಲು ಬಿಡಿ.

ಪಾಳಿಗಾರ್ತಿ ಮಾಡುವ ತಿದ್ದುಪಡಿಗಳಲ್ಲಿ ಅಳಿಯದೆ ಉಳಿಯುವುದು ಒಂದೇ, ಇರುವ ನಂಬರಿನ ಮುಂದಿನ ಹೆಸರು ಬದಲಿಸುವುದು. ಈಗಷ್ಟೇ ನನ್ನ ಹೆಸರು ತೆಗೆದು, ನನ್ನ ನಂಬರಿನ ಮುಂದೆ ಹೊನ್ನವ್ವ ಎಂದು ಬರೆದೆ. ಅವಳಿಗೆ ಹೇಳಿಲ್ಲ, ನಾನು ಇಲ್ಲಿದ್ದರೆ ಅವಳು ಆ ನೀರಿನಲ್ಲಿ ನನಗೆ ಪಾಲು ಕೊಡದೆ ಬಿಡುವುದಿಲ್ಲ. ಬೆಳಗ್ಗೆ ಅವಳು ನಲ್ಲಿಗೆ ಬರುವ ಹೊತ್ತಿಗೆ ನಾನು ಊರು ದಾಟಿರುತ್ತೇನೆ. ನಿಮ್ಮ ಆಡ್-ಇನ್ ನಾಳೆಯ ಪಟ್ಟಿಯನ್ನು ಸೋಸಿ ನೋಡುತ್ತದೆ, ಅದರಲ್ಲಿ ಯಾವ ತಪ್ಪೂ ಅದಕ್ಕೆ ಸಿಗುವುದಿಲ್ಲ.