ಬಿಸಿ ರೊಟ್ಟಿ ನಿಲ್ಲಿಸಿದ ಗುರವ್ವ

ಅಣ್ಣಿಗೇರಿ, ಬುಧವಾರ

ಅಕ್ಕಾ,

ನಾನು ದಿನಾ ಉಣ್ಣುವ ಖಾನಾವಳಿಯ ಗುರವ್ವನನ್ನು ನೀನು ನೋಡಬೇಕು! ನಿನ್ನೆ ಟಿವಿಯಲ್ಲಿ, ಅಮೆರಿಕ ಯಾವುದೋ ದೇಶದ ಸರ್ಕಾರವನ್ನೇ ಕೆಡವಿತೆಂದು ಸುದ್ದಿ ಬಂತು. "ಕ್ರಿಕೆಟ್ ಹಚ್ರಿ" ಎಂದರು ಉಣ್ಣುತ್ತಿದ್ದವರೆಲ್ಲ. ರೊಟ್ಟಿ ಬಡಿಯುತ್ತಿದ್ದ ಗುರವ್ವ ಕೈ ನಿಲ್ಲಿಸಿ, "ಮಂದಿ ಮನಿ ಯಜಮಾನನ್ನ ಇಳಸಾಕ ಇವ್ರ್ಯಾರು? ಅದು ಯಾವ ದೇಶ, ಎಲ್ಲೈತಿ ಹೇಳ್ರಿ. ಆಮ್ಯಾಲೆ ಬಿಸಿ ರೊಟ್ಟಿ" ಎಂದು ಗದರಿದರು. ಒಬ್ಬರಿಗೂ ಗೊತ್ತಿಲ್ಲ. ಎಲ್ಲರೂ ಒಣ ಖಡಕ್ ರೊಟ್ಟಿ ಕಡಿದೆವು, ಇತಿಹಾಸದ ಮೇಷ್ಟ್ರು ನಾನೂ!

ಜ್ವರ ಬಿಟ್ಟಿದೆ, ಚಿಂತೆ ಬೇಡ. ಅಟ್ಟದ ಮೇಲಿರುವ ನನ್ನ ಪ್ರಪಂಚದ ಭೂಪಟವನ್ನು ಬೇಗ ಕಳಿಸು. ಟಿವಿ ಪಕ್ಕದ ಗೋಡೆಗೆ ಗುರವ್ವ ಆಗಲೇ ಮೊಳೆ ಹೊಡೆದಿದ್ದಾರೆ.

ಶಾಲೆಗೆ ಹೊತ್ತಾಯಿತು.
ನಿನ್ನ ತಮ್ಮ ಸಿದ್ದರಾಜು